ಜೈಸಲ್ಮೇರ್‌ನಲ್ಲಿ ಉಳಿಯುವುದೆಲ್ಲಿ: ಕೋಟೆಯ ಒಳಗೋ, ಕೆಳಗಿನ ಪೇಟೆಯ ಹಳೆ ಮನೆಯಲ್ಲೋ?

ಜೈಸಲ್ಮೇರ್‌ಗೆ ಹೊರಟು ರೂಮು ಹುಡುಕಲು ಕೂತವರಿಗೆ ಮೊದಲು ಎದುರಾಗುವ ಪ್ರಶ್ನೆ ಇದೇ. ಭಾಟಿ ರಜಪೂತರ ರಾವಲ್ ಜೈಸಲ್ 1156ರಲ್ಲಿ ಕಟ್ಟಿಸಿದ ಹಳದಿ ಕಲ್ಲಿನ ಕೋಟೆಯೊಳಗೆ ಇವತ್ತಿಗೂ ಸಾವಿರಾರು ಜನ ವಾಸವಾಗಿದ್ದಾರೆ. ಅವರಲ್ಲಿ ಹಲವರು ತಮ್ಮ ಮನೆಯ ಮಹಡಿಯ ಕೋಣೆಗಳನ್ನು ಪ್ರವಾಸಿಗರಿಗೆ ಬಾಡಿಗೆಗೆ ಕೊಡುತ್ತಾರೆ. ಕೋಟೆಯ ಬುಡದ ಹಳೆ ಪೇಟೆಯಲ್ಲೂ ಅಂಥ ಮನೆಗಳಿಗೆ ಬರವಿಲ್ಲ. ಫೋಟೊ ನೋಡಿದರೆ ಎರಡೂ ಒಂದೇ. ಅದೇ ಜೇನುಬಣ್ಣದ ಕಲ್ಲು, ಅದೇ ಕೆತ್ತನೆಯ ಕಿಟಕಿ, ಟೆರೇಸಿನ ಮೇಲೆ ಅದೇ ಊಟದ ಮೇಜು. ಆದರೆ ಇವೆರಡರ ನಡುವಿನ ವ್ಯತ್ಯಾಸ ದೊಡ್ಡದು. ಅದರಲ್ಲಿ ನಿಮ್ಮ ಅನುಕೂಲದ ಲೆಕ್ಕ ಅರ್ಧ ಮಾತ್ರ. ಉಳಿದರ್ಧ ಕೋಟೆಯ ಆಯುಷ್ಯದ ಲೆಕ್ಕ.

ನನ್ನ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ರಾತ್ರಿ ತಂಗಬೇಕಾದದ್ದು ಕೆಳಗೆ, ಮನೆಯವರೇ ವಾಸವಿರುವ ಹಳೆ ಮನೆಯಲ್ಲಿ. ಹಗಲು ಕಳೆಯುವುದು, ಉಣ್ಣುವುದು, ಸಾಮಾನು ಕೊಳ್ಳುವುದು ಮೇಲೆ, ಕೋಟೆಯಲ್ಲಿ. ಯಾಕೆ ಅಂತ ಒಂದೊಂದಾಗಿ ನೋಡೋಣ.

ಕೋಟೆಯೊಳಗೆ ಉಳಿದರೆ

ಇದರ ಸೊಗಸನ್ನು ಅಲ್ಲಗಳೆಯುವ ಹಾಗೇ ಇಲ್ಲ. ಪ್ರವಾಸಿ ಬಸ್ಸುಗಳ ಜನ ಮೇಲೆ ಹತ್ತಿ ಬರುವ ಮೊದಲಿನ ಒಂದೆರಡು ಗಂಟೆ ಕೋಟೆ ಪೂರ್ತಿ ಅಲ್ಲಿಯವರದ್ದೇ. ಲಕ್ಷ್ಮೀನಾಥ ದೇವಸ್ಥಾನದ ಗಂಟೆ ಕೇಳುತ್ತದೆ, ಹಾಲಿನವರು ಬರುತ್ತಾರೆ, ಹೆಂಗಸರು ಮನೆ ಮುಂದಿನ ಕಲ್ಲುಹಾಸು ಗುಡಿಸುತ್ತಿರುತ್ತಾರೆ, ಓಣಿಯ ನಡುವೆ ಹಸು ನಿಂತಿದ್ದರೆ ನೀವೇ ಪಕ್ಕಕ್ಕೆ ಸರಿಯಬೇಕು. ಕೋಟೆಯ ಅಂಚಿನ ಮನೆಯಾದರೆ ಕಿಟಕಿ ತೆರೆದ ಕೂಡಲೇ ಊರು, ಅದರಾಚೆಗೆ ಕಣ್ಣು ಹರಿಯುವವರೆಗೂ ಬಯಲು. ಏಳು ಜೈನ ಬಸದಿಗಳು ಮನೆಯಿಂದ ಕೂಗಳತೆಯಲ್ಲಿ. ಹಿಂದೂಸ್ತಾನದಲ್ಲಿ ಜನ ವಾಸವಿರುವ ಕೋಟೆಗಳೇ ಕಡಿಮೆ. ಅದರೊಳಗೆ ಬೆಳಗಾಗುವುದೆಂದರೆ ಯಾರಿಗೆ ಬೇಡ?

ತೊಂದರೆ ಇರುವುದು ನೆಲದಲ್ಲಿ. ತ್ರಿಕೂಟ ಎನ್ನುವ ಈ ಗುಡ್ಡ ಒಂದೇ ಗಟ್ಟಿ ಬಂಡೆಯಲ್ಲ. ಮರಳುಗಲ್ಲಿನ ಪದರಗಳ ನಡುವೆ ಜೇಡಿಯಂಥ ಮೆದು ಪದರಗಳಿವೆ. ಒಣಗಿದ್ದಷ್ಟು ದಿನ ಅವು ಭಾರ ಹೊರುತ್ತವೆ, ನೀರು ಕುಡಿದರೆ ಉಬ್ಬಿ ಜಾರುತ್ತವೆ. ವರ್ಷಕ್ಕೆ 200 ಮಿಲಿಮೀಟರ್ ಆಸುಪಾಸು ಮಳೆ ಬೀಳುವ ಊರಿನಲ್ಲಿ ಎಂಟು ಶತಮಾನ ಇದು ಚಿಂತೆಯ ವಿಷಯವೇ ಆಗಿರಲಿಲ್ಲ. ಗಡೀಸರ್ ಕೆರೆಯಿಂದ ಹೆಂಗಸರು ತಲೆಯ ಮೇಲೆ ಕೊಡ ಹೊತ್ತು ಕೋಟೆ ಹತ್ತುತ್ತಿದ್ದ ಕಾಲದಲ್ಲಿ ಒಂದು ಹನಿಯನ್ನೂ ಯಾರೂ ಸುಮ್ಮನೆ ಚೆಲ್ಲುತ್ತಿರಲಿಲ್ಲ. ನಲ್ಲಿ ಬಂತು, ಅದರ ಹಿಂದೆ ಪ್ರವಾಸಿಗರು ಬಂದರು, ಅವರ ಹಿಂದೆ ಅಟ್ಯಾಚ್ಡ್ ಬಾತ್‌ರೂಮು, ಕಮೋಡು, ಶವರು ಬಂದವು. ಸ್ವಲ್ಪ ನೀರಿಗೆಂದು ಕಟ್ಟಿದ್ದ ಚರಂಡಿಗಳಿಗೆ ಹಲವು ಪಟ್ಟು ನೀರು ಬಿತ್ತು. ಸೋರಿದ್ದೆಲ್ಲ ಗುಡ್ಡದ ಒಳಕ್ಕೆ ಇಳಿಯಿತು, ಕೋಟೆಯ 99 ಬುರುಜುಗಳಲ್ಲಿ ಕೆಲವು ವಾಲಿದವು, ಕೆಲವು ಕುಸಿದವು. ವರ್ಲ್ಡ್ ಮಾನ್ಯುಮೆಂಟ್ಸ್ ಫಂಡ್ ಸಂಸ್ಥೆ 1996, 1998 ಮತ್ತು 2000ದಲ್ಲಿ, ಮೂರು ಸಲ, ಈ ಕೋಟೆಯನ್ನು ಅಪಾಯದಲ್ಲಿರುವ ಸ್ಮಾರಕಗಳ ಪಟ್ಟಿಯಲ್ಲಿ ಸೇರಿಸಿತು. 2013ರಲ್ಲಿ ರಾಜಸ್ಥಾನದ ಇನ್ನೈದು ಕೋಟೆಗಳ ಜೊತೆ ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿಗೂ ಬಂತು. ದುರಸ್ತಿ, ಒಳಚರಂಡಿ ಕೆಲಸ ಸಾಕಷ್ಟು ನಡೆದಿದೆ. ಆದರೂ 2024ರ ಆಗಸ್ಟ್‌ನಲ್ಲಿ ಮಳೆ ಜೋರಾದಾಗ ಕೋಟೆ ಗೋಡೆಯ ಒಂದು ಭಾಗ ಮತ್ತೆ ಬಿತ್ತು.

ಇದನ್ನು ಕಣ್ಣಾರೆ ನೋಡಬೇಕಾದರೆ ಕೋಟೆಯ ಯಾವುದೇ ಇಕ್ಕಟ್ಟಾದ ಓಣಿಯಲ್ಲಿ ಗೋಡೆಯ ಬುಡ ಗಮನಿಸಿ. ಮೊಣಕಾಲೆತ್ತರದವರೆಗೆ ಕಲ್ಲಿನ ಬಣ್ಣ ಕಪ್ಪಿಟ್ಟಿರುತ್ತದೆ, ಅದರ ಮೇಲಂಚಿನಲ್ಲಿ ಉಪ್ಪಿನ ಬಿಳಿ ಪುಡಿ ಕೂತಿರುತ್ತದೆ. ಬೆರಳಾಡಿಸಿದರೆ ಕೆತ್ತನೆಯ ಕಲ್ಲು ಮರಳಾಗಿ ಉದುರುತ್ತದೆ. ಅದು ಮಳೆಯ ನೀರಲ್ಲ, ಬಾತ್‌ರೂಮಿನ ನೀರು.

ಹಾಗಂತ ಕೋಟೆಯ ಮನೆಯವರನ್ನು ದೂರುವುದು ನ್ಯಾಯವಲ್ಲ. ಅವರು ಅಲ್ಲಿಗೆ ವ್ಯಾಪಾರಕ್ಕೆಂದು ಬಂದು ಸೇರಿದವರಲ್ಲ. ಅರಮನೆಯ, ದೇವಸ್ಥಾನದ ಸೇವೆಯಲ್ಲಿದ್ದ ಬ್ರಾಹ್ಮಣ, ರಜಪೂತ ಮನೆತನಗಳು ತಲೆಮಾರುಗಳಿಂದ ಅದೇ ಓಣಿಗಳಲ್ಲಿವೆ. ಪುರಾತತ್ವ ಇಲಾಖೆಯ ಅನುಮತಿಯಿಲ್ಲದೆ ಅವರಿಗೆ ಮನೆ ರಿಪೇರಿಯೂ ಕಷ್ಟ. ಕೋಣೆ ಬಾಡಿಗೆಯಿಂದ ಬರುವ ದುಡ್ಡೂ ನಿಂತರೆ ಅವರೂ ಇಳಿದು ಹೋಗುತ್ತಾರೆ, ಆಮೇಲೆ ಉಳಿಯುವುದು ಬೀಗ ಜಡಿದ ಬಾಗಿಲುಗಳು. ಆದ್ದರಿಂದಲೇ ನಾನು ಕೋಟೆಗೆ ಹೋಗಬೇಡಿ ಎನ್ನುವುದಿಲ್ಲ. ನೀರು ಬಳಸುವ ಕೆಲಸ, ಅಂದರೆ ಸ್ನಾನ, ಶೌಚ, ಬಟ್ಟೆ ಒಗೆತ ಕೆಳಗಿರಲಿ. ಊಟ, ಚಹಾ, ಗೈಡು, ಕಸೂತಿ ಬಟ್ಟೆ, ಬೆಳ್ಳಿ ಸಾಮಾನು ಮೇಲೆ ಕೊಳ್ಳಿ. ದುಡ್ಡು ಕೋಟೆಯವರಿಗೆ ಸೇರುತ್ತದೆ, ನೀರು ಗುಡ್ಡಕ್ಕೆ ಸೇರುವುದಿಲ್ಲ.

ಇನ್ನು ಅನುಕೂಲದ ಮಾತು. ಅಖೈ ಪೋಲ್‌ನಿಂದ ಹವಾ ಪೋಲ್‌ವರೆಗೆ ನಾಲ್ಕು ಬಾಗಿಲು ದಾಟುವ ಏರುದಾರಿ ಕಡಿದಾಗಿದೆ, ನೂರಾರು ವರ್ಷ ಸವೆದ ಕಲ್ಲು ನುಣುಪಾಗಿದೆ. ಸೂಟ್‌ಕೇಸು ಎಳೆದುಕೊಂಡು, ಮೊಣಕಾಲು ನೋವಿರುವ ಅಮ್ಮನನ್ನು ಕೈಹಿಡಿದು ದಿನಕ್ಕೆರಡು ಸಲ ಹತ್ತಿಳಿಯುವುದು ಸುಲಭವಲ್ಲ. ಹಗಲು ಹತ್ತರಿಂದ ಸಂಜೆವರೆಗೆ ಓಣಿಗಳಲ್ಲಿ ಜನಜಂಗುಳಿ, ಬೈಕುಗಳ ಹಾರ್ನು.

ಕೆಳಗಿನ ಪೇಟೆಯ ಮನೆ

ಪಟ್ವಾ ಹವೇಲಿಗಳನ್ನು (ಹವೇಲಿ ಅಂದರೆ ಹಿಂದಿನ ಸಿರಿವಂತರ ದೊಡ್ಡ ಮನೆ) ನೋಡದೆ ಜೈಸಲ್ಮೇರ್‌ನಿಂದ ಯಾರೂ ಹಿಂದಿರುಗುವುದಿಲ್ಲ. ಗುಮಾನ್ ಚಂದ್ ಪಟ್ವಾ ಎಂಬ ವ್ಯಾಪಾರಿ 1805ರಲ್ಲಿ ಕಟ್ಟಿಸಲು ಶುರುಮಾಡಿದ ಐದು ಮನೆಗಳ ಸಾಲು ಅದು. ಒಂಟೆಗಳ ಸಾಲಿನಲ್ಲಿ ಸಿಂಧಿನ ಕಡೆಗೆ ಸರಕು ಹೋಗಿಬರುತ್ತಿದ್ದ ಕಾಲದಲ್ಲಿ ಈ ಊರಿನ ವ್ಯಾಪಾರಿಗಳ ಕೈಯಲ್ಲಿ ಹಣ ಓಡಾಡುತ್ತಿತ್ತು. ಮುಂಬಯಿ ಬಂದರು ಬೆಳೆದು ವ್ಯಾಪಾರ ಸಮುದ್ರದ ಕಡೆ ತಿರುಗಿತು, 1947ರಲ್ಲಿ ಗಡಿ ಮುಚ್ಚಿತು, ಮನೆತನಗಳು ದೊಡ್ಡ ಊರುಗಳಿಗೆ ಹೊರಟುಹೋದವು. ಪೇಟೆಯಲ್ಲಿ ಉಳಿದವರ ಎರಡಂತಸ್ತಿನ, ಮೂರಂತಸ್ತಿನ ಮನೆಗಳಲ್ಲಿ ಅರ್ಧ ಕೋಣೆಗಳು ಖಾಲಿ. ಇವತ್ತು ಆ ಖಾಲಿ ಕೋಣೆಗಳೇ ಅತಿಥಿಗಳ ಕೋಣೆಗಳಾಗಿವೆ. ನಾಥ್‌ಮಲ್ ಹವೇಲಿ, ಸಾಲಿಂ ಸಿಂಗ್ ಹವೇಲಿ ಸುತ್ತಮುತ್ತಲ ಓಣಿಗಳಲ್ಲಿ ಇಂಥವು ಸಿಗುತ್ತವೆ. (ನಾಥ್‌ಮಲ್ ಹವೇಲಿಯ ಎಡ ಬಲ ಭಾಗಗಳನ್ನು ಅಣ್ಣತಮ್ಮಂದಿರಿಬ್ಬರು ಕೆತ್ತಿದರಂತೆ. ನಿಧಾನವಾಗಿ ನೋಡಿ, ಎರಡು ಕಡೆಯ ಕೆತ್ತನೆ ಒಂದೇ ಥರ ಇಲ್ಲ.)

ಮನೆಯೊಳಗೆ ಕಾಲಿಟ್ಟರೆ ನಮ್ಮ ತೊಟ್ಟಿ ಮನೆಯ ಹಾಗೆ ನಡುವೆ ತೆರೆದ ಚೌಕ, ಸುತ್ತ ಕೋಣೆಗಳು. ಬಾಗಿಲು ಗಿಡ್ಡ, ಹೊಸ್ತಿಲು ಎತ್ತರ. ಗಾರೆಯಿಲ್ಲದೆ ಕಲ್ಲಿಗೆ ಕಲ್ಲು ಕಚ್ಚಿಸಿ ಕಟ್ಟಿದ ದಪ್ಪ ಗೋಡೆ, ಅದರಲ್ಲಿ ದೀಪಕ್ಕೆ, ಪಾತ್ರೆಗೆ ಕೊರೆದ ಗೂಡುಗಳು. ಓಣಿಯ ಮೇಲೆ ಚಾಚಿಕೊಂಡ ಝರೋಖಾದಲ್ಲಿ, ಅಂದರೆ ಕಿಟಕಿಮಾಡದಲ್ಲಿ, ಒಬ್ಬರು ಕಾಲು ಮಡಚಿ ಕೂರುವಷ್ಟು ಜಾಗ. ಅದರ ಕಲ್ಲಿನ ಜಾಲರಿಯ ತೂತುಗಳಿಂದ ಬೆಳಗಿನ ಬಿಸಿಲು ಹಾಸಿಗೆಯ ಮೇಲೆ ಚುಕ್ಕಿಚುಕ್ಕಿಯಾಗಿ ಬೀಳುತ್ತದೆ, ಗಾಳಿ ಮಾತ್ರ ತಣ್ಣಗೆ ಬರುತ್ತದೆ. ಹಳೆ ಚಾವಣಿ ಮರದ ತೊಲೆ, ಅದರ ಮೇಲೆ ಹುಲ್ಲಿನ ಹಾಸು, ಅದರ ಮೇಲೆ ದಪ್ಪಗೆ ಮಣ್ಣು. ಮೇಲೆ ಯಾರಾದರೂ ನಡೆದರೆ ಒಮ್ಮೊಮ್ಮೆ ಸಣ್ಣಗೆ ಮಣ್ಣು ಉದುರುತ್ತದೆ. ಇದು ಕೊಳಕಲ್ಲ, ಮನೆ ಹಳೆಯದು ಎನ್ನುವುದಕ್ಕೆ ಸಾಕ್ಷಿ. ಇದನ್ನು ಸಹಿಸಲಾಗದವರು ಹೊಸ ಹೋಟೆಲಿಗೇ ಹೋಗುವುದು ಒಳ್ಳೆಯದು.

ಈಗ ಮುಖ್ಯ ಪ್ರಶ್ನೆ: ಹವೇಲಿ ಎಂದು ಬೋರ್ಡು ಹಾಕಿಕೊಂಡದ್ದೆಲ್ಲ ಹವೇಲಿಯೇ? ಖಂಡಿತ ಅಲ್ಲ. ಕಾಂಕ್ರೀಟ್ ಕಟ್ಟಡಕ್ಕೆ ಮಷೀನಿನಲ್ಲಿ ಕೊರೆದ ಹಳದಿ ಕಲ್ಲು ಅಂಟಿಸಿ ಆ ಹೆಸರಿಟ್ಟವರು ಬೇಕಾದಷ್ಟಿದ್ದಾರೆ. ಕೇಂದ್ರ ಪ್ರವಾಸೋದ್ಯಮ ಸಚಿವಾಲಯ ‘ಹೆರಿಟೇಜ್ ಹೋಟೆಲ್’ ಎಂದು ದರ್ಜೆ ಕೊಡಬೇಕಾದರೆ ಕಟ್ಟಡ 1950ಕ್ಕಿಂತ ಹಿಂದಿನದ್ದಾಗಿರಬೇಕು. ಅದೇ ಸಚಿವಾಲಯದ ‘ಇನ್‌ಕ್ರೆಡಿಬಲ್ ಇಂಡಿಯಾ ಬೆಡ್ ಅಂಡ್ ಬ್ರೇಕ್‌ಫಾಸ್ಟ್’ ಯೋಜನೆಯಲ್ಲಿ ನೋಂದಾಯಿಸಿಕೊಳ್ಳಲು ಅತಿಥಿಗಳಿಗೆ ಆರಕ್ಕಿಂತ ಹೆಚ್ಚು ಕೋಣೆ ಇರಬಾರದು, ಮಾಲೀಕರು ಅದೇ ಮನೆಯಲ್ಲಿ ವಾಸವಿರಬೇಕು. ಮೊದಲನೆಯದು ಕಟ್ಟಡದ ವಯಸ್ಸು ಹೇಳುತ್ತದೆ, ಎರಡನೆಯದು ಮನೆಯವರು ಇದ್ದಾರೆಂದು ಹೇಳುತ್ತದೆ. ನಮಗೆ ಬೇಕಾದದ್ದು ಎರಡೂ. ಕಾಗದಕ್ಕಿಂತ ಚೆನ್ನಾಗಿ ಕೆಲವು ಗುರುತುಗಳು ಹೇಳುತ್ತವೆ. ಜೈಸಲ್ಮೇರ್‌ನಲ್ಲಿ ಮನೆಯಲ್ಲಿ ಮದುವೆಯಾದರೆ ಬಾಗಿಲ ಪಕ್ಕದ ಗೋಡೆಗೆ ಗಣಪತಿಯ ಚಿತ್ರ ಬರೆಸಿ, ಕೆಳಗೆ ವಧೂವರರ ಹೆಸರು, ಮದುವೆಯ ತಾರೀಕು ಬರೆಸುತ್ತಾರೆ. ಊರಿಗೆಲ್ಲ ಅದೇ ಲಗ್ನಪತ್ರಿಕೆ. ಬಿಸಿಲಿಗೆ ಬಣ್ಣ ಮಾಸಿದ ಹಳೆ ಗಣಪತಿ, ಅದರ ಪಕ್ಕದಲ್ಲಿ ಹೊಸ ಗಣಪತಿ ಕಂಡರೆ ಆ ಮನೆಯಲ್ಲಿ ಸಂಸಾರ ನಡೆಯುತ್ತಿದೆ ಎಂದು ಧೈರ್ಯವಾಗಿ ಒಳಗೆ ಹೋಗಬಹುದು. ಗೆಸ್ಟ್‌ಹೌಸನ್ನು ಗುತ್ತಿಗೆಗೆ ತೆಗೆದುಕೊಂಡು ಮ್ಯಾನೇಜರ್ ಇಟ್ಟು ನಡೆಸುವ ಕಡೆ ಇದು ಕಾಣಿಸುವುದಿಲ್ಲ. ಫೋಟೊಗಳಲ್ಲೂ ಹುಡುಕಬಹುದು: ಚೌಕದಲ್ಲಿ ಒಣಹಾಕಿದ ಬಟ್ಟೆ, ತುಳಸಿ, ಮಕ್ಕಳ ಸೈಕಲ್ಲು ಇದ್ದರೆ ಅದು ಮನೆ.

ಮನೆಯವರಿರುವ ಕಡೆ ಉಳಿಯುವುದರ ದೊಡ್ಡ ಲಾಭ ಊಟ. ಟೆರೇಸ್ ರೆಸ್ಟೊರೆಂಟುಗಳಲ್ಲಿ ಪಾಸ್ತಾ, ಪಿಜ್ಜಾ, ಪನೀರ್ ಬಟರ್ ಮಸಾಲ ಎಲ್ಲ ಊರಿನಲ್ಲೂ ಇರುವಂತೆಯೇ ಇಲ್ಲೂ ಸಿಗುತ್ತವೆ. ಮನೆಯಲ್ಲಿ ಹೇಳಿದರೆ ಸಜ್ಜೆ ರೊಟ್ಟಿ, ಕಡೀ, ಗಟ್ಟೆ, ಪಾಪಡ್ ಪಲ್ಯ, ಕೇರ್ ಸಾಂಗ್ರಿ. ಸಾಂಗ್ರಿ ಅಂದರೆ ನಾವು ದಸರೆಗೆ ಪೂಜಿಸುವ ಬನ್ನಿ ಮರದ ಕಾಯಿ. ಅಲ್ಲಿ ಆ ಮರಕ್ಕೆ ಖೇಜಡಿ ಎನ್ನುತ್ತಾರೆ. ಎಳೆಯ ಕಾಯನ್ನು ಕಿತ್ತು ಒಣಗಿಸಿ ವರ್ಷವಿಡೀ ಇಟ್ಟುಕೊಂಡು, ಬೇಕಾದಾಗ ನೆನೆಸಿ, ಕೇರ್ ಎನ್ನುವ ಹುಳಿಕಾಯಿಯ ಜೊತೆ ಎಣ್ಣೆಯಲ್ಲಿ ಹುರಿದು ಖಾರ ಹಾಕುತ್ತಾರೆ. ಅದನ್ನು ನೆನೆಸುವುದಕ್ಕೇ ಹೊತ್ತು ಬೇಕು, ಹಾಗಾಗಿ ಹಿಂದಿನ ದಿನವೇ ಹೇಳಿಡಬೇಕು. ಅನ್ನವಿಲ್ಲದೆ ಊಟ ಮುಗಿಯದವರೂ ಮೊದಲೇ ಹೇಳುವುದು ಒಳ್ಳೆಯದು, ಅಲ್ಲಿನ ಮನೆಗಳಲ್ಲಿ ಅದು ದಿನದ ಊಟವಲ್ಲ. ಬ್ರಾಹ್ಮಣರ, ಜೈನರ ಮನೆಯಾದರೆ ಮೊಟ್ಟೆಯೂ ಒಳಗೆ ಬರುವುದಿಲ್ಲ, ಹೊರಗಿನಿಂದ ತಂದು ತಿನ್ನುವ ಮಾತೂ ಬೇಡ. ರಜಪೂತರ ಮನೆಗಳಲ್ಲಿ ಮಾಂಸದೂಟ ಸಿಗಬಹುದು, ಕೇಳಿ ನೋಡಿ.

ಕೊರತೆಗಳೂ ಇವೆ. ಮೆಟ್ಟಿಲು ಕಡಿದು, ಒಬ್ಬರು ಇಳಿಯುವಾಗ ಇನ್ನೊಬ್ಬರು ಹತ್ತಲಾಗದಷ್ಟು ಕಿರಿದು. ಹಳೆ ಕೋಣೆಗೆ ಆಮೇಲೆ ಸೇರಿಸಿದ ಬಾತ್‌ರೂಮು ಚಿಕ್ಕದು. ಬಿಸಿನೀರಿಗೆ ಗೀಸರ್ ಇದ್ದರೂ ಒಂದು ಬಕೆಟ್ಟಿನ ಲೆಕ್ಕ. ಡಿಸೆಂಬರ್, ಜನವರಿಯ ರಾತ್ರಿಗಳಲ್ಲಿ ಚಳಿ ಎಂಟು ಡಿಗ್ರಿಯ ಸುತ್ತ ಇಳಿಯುತ್ತದೆ, ಕಲ್ಲಿನ ಗೋಡೆ ಹಗಲಿಡೀ ಆ ತಣುಪನ್ನು ಬಿಡುವುದಿಲ್ಲ. ಬೆಂಗಳೂರಿನ ಚಳಿಗೆ ಹೊಲಿಸಿದ ಸ್ವೆಟರ್ ಸಾಲದು. ಎರಡು ರಜಾಯಿ (ಹತ್ತಿಯ ದಪ್ಪ ಹೊದಿಕೆ) ಕೊಡುತ್ತೀರಾ ಎಂದು ಕೇಳಿಕೊಳ್ಳಿ. ಮನೆಯವರು ರಾತ್ರಿ ಹತ್ತಕ್ಕೆ ದೀಪ ಆರಿಸಿದರೆ ನೀವೂ ಮೆತ್ತಗೆ ಮಾತಾಡಬೇಕು.

ಸಫಾರಿಯ ಲೆಕ್ಕ

ಮೇಲಾಗಲಿ ಕೆಳಗಾಗಲಿ, ಜೈಸಲ್ಮೇರ್‌ನಲ್ಲಿ ಕೋಣೆಯ ಬಾಡಿಗೆಯನ್ನು ಒಂಟೆ ಸಫಾರಿಯಿಂದ ಬೇರೆ ಮಾಡಿ ನೋಡಬೇಡಿ. ನಂಬಲಾಗದಷ್ಟು ಅಗ್ಗದ ಕೋಣೆ ಕಂಡರೆ ಅದರ ಹಿಂದೆ ಸಫಾರಿಯ ಆಸೆ ಇರುತ್ತದೆ. ಬಾಡಿಗೆಯಲ್ಲಿ ಬಿಟ್ಟದ್ದನ್ನು ಮರಳುಗಾಡಿನ ಒಂದು ರಾತ್ರಿಯ ಪ್ಯಾಕೇಜಿನಲ್ಲಿ ತುಂಬಿಸಿಕೊಳ್ಳುವುದು ಅಲ್ಲಿನ ಹಳೆಯ ರೂಢಿ. ಅದರಲ್ಲಿ ಮೋಸವೇ ಇರಬೇಕೆಂದಿಲ್ಲ. ಹಲವು ಮನೆಗಳ ಸಫಾರಿ ಚೆನ್ನಾಗಿಯೇ ಇರುತ್ತದೆ. ತೊಂದರೆ ಬರುವುದು ನೀವು ಬೇಡ ಅಂದಾಗ. ಬೆಳಗ್ಗೆ ನಗುನಗುತ್ತಾ ಚಹಾ ತಂದವರು ಸಂಜೆ ಮುಖ ತಿರುಗಿಸುತ್ತಾರೆ, ಕೋಣೆ ನಾಳೆಗೆ ಬೇರೆಯವರಿಗೆ ಬುಕ್ ಆಗಿದೆ ಎನ್ನುತ್ತಾರೆ. ಒಂದು ಗೆಸ್ಟ್‌ಹೌಸಿನಲ್ಲಿ ನನಗೂ ಹೀಗಾಗಿದೆ. ಕುಟುಂಬದ ಜೊತೆ, ಸಾಮಾನು ಹರಡಿಕೊಂಡಿರುವಾಗ ಇದು ನಿಜಕ್ಕೂ ನೋವಿನ ಸಂಗತಿ.

ಉಪಾಯ ಸುಲಭ. ಬುಕ್ ಮಾಡುವ ಮೊದಲೇ ಫೋನಿನಲ್ಲಿ ‘ಸಫಾರಿ ನಿಮ್ಮಲ್ಲಿ ತೆಗೆದುಕೊಳ್ಳದಿದ್ದರೆ ಬಾಡಿಗೆ ಎಷ್ಟು?’ ಎಂದು ನೇರವಾಗಿ ಕೇಳಿ. ಉತ್ತರ ಬರುವ ಮೊದಲು ಎಷ್ಟು ಹೊತ್ತು ಮೌನವೆಂಬುದೇ ನಿಮಗೆ ಬೇಕಾದ ಮಾಹಿತಿ. ಒಪ್ಪಿದ ದರವನ್ನು ವಾಟ್ಸಾಪ್‌ನಲ್ಲಿ ಬರೆಸಿಕೊಳ್ಳಿ. ಬಾಡಿಗೆ ಸ್ವಲ್ಪ ಹೆಚ್ಚಿದ್ದು, ಸಫಾರಿ ಬಗ್ಗೆ ನೀವೇ ಕೇಳುವ ತನಕ ಸುಮ್ಮನಿರುವ ಮನೆ ಸಿಕ್ಕರೆ ಅದೇ ಒಳ್ಳೆಯ ಮನೆ. ಸಫಾರಿ ಬೇಕಿದ್ದರೆ ಸಮ್‌ನ ಮರಳು ದಿಬ್ಬಗಳಿಗೋ ಖುರಿ ಹಳ್ಳಿಯ ದಿಬ್ಬಗಳಿಗೋ, ಒಂಟೆಯ ಮೇಲೆ ಎಷ್ಟು ಹೊತ್ತು, ಜೀಪಿನಲ್ಲಿ ಎಷ್ಟು ದೂರ, ರಾತ್ರಿಯೂಟ, ಕುಡಿಯುವ ನೀರು, ಹೊದಿಕೆ ಸೇರಿದೆಯೇ ಎಂದು ಕೇಳಿ ಎರಡು ಕಡೆಯ ದರ ಹೋಲಿಸಿ.

ರೈಲು ನಿಲ್ದಾಣದಲ್ಲಿ ‘ಆ ಹೋಟೆಲ್ ಮುಚ್ಚಿದೆ’ ಎನ್ನುವವರ ಮಾತಿಗೆ ಕಿವಿಗೊಡಬೇಡಿ. ಒಂದೇ ಥರದ ಹೆಸರಿನ ಗೆಸ್ಟ್‌ಹೌಸುಗಳು ಒಂದೇ ಓಣಿಯಲ್ಲಿ ಮೂರಿರಬಹುದು. ಕರೆದೊಯ್ಯಲು ಮನೆಯವರನ್ನೇ ಕಳಿಸಲು ಹೇಳಿ.

ದೊಡ್ಡ ಹೆರಿಟೇಜ್ ಹೋಟೆಲು, ಮರಳಿನ ಟೆಂಟು

ಕೋಟೆಯ ಹೊರಗಿನ ದೊಡ್ಡ ಹೆರಿಟೇಜ್ ಹೋಟೆಲುಗಳಲ್ಲಿ ಈಜುಕೊಳ, ಕಾರ್ ನಿಲ್ಲಿಸಲು ಜಾಗ, ಕೆಲವೆಡೆ ಲಿಫ್ಟು ಇವೆ. ಗಾಲಿಕುರ್ಚಿಯವರಿಗೆ, ತೀರಾ ವಯಸ್ಸಾದವರಿಗೆ ನಾನೂ ಅದನ್ನೇ ಹೇಳುತ್ತೇನೆ, ಹಳೆ ಮನೆಯ ಮೆಟ್ಟಿಲು ಅವರಿಗೆ ಆಗದು. ಉಳಿದವರಿಗೆ ಅಷ್ಟು ದುಡ್ಡು ಕೊಟ್ಟು ಊರಿನಿಂದ ದೂರ ಇರಬೇಕಾದ ಅಗತ್ಯ ಕಾಣುವುದಿಲ್ಲ. ಸಮ್‌ನ ಟೆಂಟುಗಳು ಊರಿನಿಂದ ಸುಮಾರು 40 ಕಿಲೋಮೀಟರ್. ಹಬ್ಬದ ಸೀಸನ್ನಿನಲ್ಲಿ ಸ್ಪೀಕರುಗಳ ಸದ್ದಿಗೆ ಮರಳುಗಾಡಿನ ಮೌನ ಅಲ್ಲಿ ಸಿಗುವುದಿಲ್ಲ. ಒಂದು ಸಂಜೆ ಹೋಗಿ ಸೂರ್ಯ ಮುಳುಗುವುದನ್ನು ನೋಡಿ ವಾಪಸ್ ಬಂದು ಮನೆಯಲ್ಲೇ ಮಲಗಿದರೆ ನಷ್ಟವೇನಿಲ್ಲ.

ಯಾವಾಗ, ಹೇಗೆ

ಅಕ್ಟೋಬರ್ ಕೊನೆಯಿಂದ ಮಾರ್ಚ್ ಮೊದಲವರೆಗೆ ಹವೆ ಚೆನ್ನ. ದೀಪಾವಳಿ ರಜೆಗೆ ಗುಜರಾತಿನ ಕುಟುಂಬಗಳು ತಂಡತಂಡವಾಗಿ ಬರುತ್ತವೆ, ಹೊಸ ವರ್ಷಕ್ಕೆ ಎಲ್ಲ ಕಡೆಯವರೂ ಬರುತ್ತಾರೆ, ಮಾಘ ಪೂರ್ಣಿಮೆಯ ಹೊತ್ತಿಗೆ ಮರು ಮಹೋತ್ಸವ, ಅಂದರೆ ಮರುಭೂಮಿಯ ಉತ್ಸವ. ಆ ದಿನಗಳಲ್ಲಿ ಬಾಡಿಗೆ ಎರಡು ಮೂರು ಪಟ್ಟು ಏರುತ್ತದೆ, ಮನೆಯವರಿಗೆ ನಿಮ್ಮೊಡನೆ ಕೂತು ಮಾತಾಡಲು ಪುರಸೊತ್ತೂ ಇರುವುದಿಲ್ಲ. ಮೇ, ಜೂನ್‌ನಲ್ಲಿ ಬಿಸಿಲು 45 ದಾಟುತ್ತದೆ.

ಬೆಂಗಳೂರಿನಿಂದ ಹುಬ್ಬಳ್ಳಿ ಮಾರ್ಗವಾಗಿ ಜೋಧ್‌ಪುರಕ್ಕೆ ರೈಲಿದೆ, ಅಲ್ಲಿಂದ ಮುಂದಕ್ಕೆ ರೈಲಿನಲ್ಲಿ ಐದಾರು ಗಂಟೆ. ಜೋಧ್‌ಪುರದಿಂದ ರಾತ್ರಿ ರೈಲು ಹಿಡಿದರೆ ನಸುಕಿನಲ್ಲಿ ಇಳಿಯುತ್ತೀರಿ, ಆ ಹೊತ್ತಿಗೆ ಕೋಣೆ ಕೊಡುತ್ತಾರೆಯೇ ಎಂದು ಕೇಳಿಟ್ಟುಕೊಳ್ಳಿ. ಮನೆಗಳಲ್ಲಿ ಇದಕ್ಕೆ ಸಾಮಾನ್ಯವಾಗಿ ಬೇಡ ಅನ್ನುವುದಿಲ್ಲ, ಆದರೆ ಹೇಳದೆ ಬಂದು ಬಾಗಿಲು ಬಡಿದರೆ ಮನೆಮಂದಿಯೆಲ್ಲ ಎದ್ದು ಕೂರಬೇಕಾಗುತ್ತದೆ. ಹೊರದೇಶದ ಪಾಸ್‌ಪೋರ್ಟ್ ಇರುವ ನಮ್ಮವರು ಬಂದರೆ ಮನೆಯವರು 24 ಗಂಟೆಯೊಳಗೆ ಅವರ ವಿವರವನ್ನು ಸರಕಾರಕ್ಕೆ (ಹಿಂದಿನಿಂದ ‘ಫಾರ್ಮ್ ಸಿ’ ಎಂದು ಕರೆಯುವ ನಮೂನೆಯಲ್ಲಿ) ಸಲ್ಲಿಸಬೇಕು. ಅದರ ವ್ಯವಸ್ಥೆ ಇದೆಯೇ ಎಂದು ಮೊದಲೇ ವಿಚಾರಿಸಿ, ಚಿಕ್ಕ ಮನೆಗಳಲ್ಲಿ ಎಲ್ಲರಲ್ಲೂ ಇರುವುದಿಲ್ಲ. ಪರವಾನಗಿಯ ಮಾತೂ ಹೀಗೇ. ಸಂರಕ್ಷಿತ ಪ್ರದೇಶದಲ್ಲಿ ಪರವಾನಗಿಯಿಲ್ಲದ ಗೆಸ್ಟ್‌ಹೌಸುಗಳ ಗತಿ ಏನಾಗುತ್ತದೆಂದು 2020ರಲ್ಲಿ ಹಂಪಿಯ ವಿರೂಪಾಪುರ ಗಡ್ಡೆಯಲ್ಲಿ ಅವನ್ನು ಕೆಡವಿದಾಗ ನಾವೇ ನೋಡಿದ್ದೇವೆ.

ಕೋಟೆಯೊಳಗೆ ಒಂದು ರಾತ್ರಿಯಾದರೂ ಬೇಕೇ ಬೇಕು ಎನ್ನುವವರಿಗೆ

ಆ ಆಸೆ ನನಗೆ ಅರ್ಥವಾಗುತ್ತದೆ. ಹಾಗಿದ್ದರೆ ಒಂದೇ ರಾತ್ರಿ ಇಟ್ಟುಕೊಳ್ಳಿ, ಉಳಿದ ದಿನ ಕೆಳಗೆ. ದೊಡ್ಡ ಬ್ಯಾಗು ಕೆಳಗಿನ ಮನೆಯಲ್ಲೇ ಬಿಟ್ಟು ಒಂದು ಜೊತೆ ಬಟ್ಟೆಯೊಡನೆ ಹತ್ತಿ. ಬುರುಜಿನ ಮೇಲೇ ಕಟ್ಟಿದ, ಪ್ರತಿ ಕೋಣೆಗೂ ಬಾತ್‌ಟಬ್ ಇಟ್ಟುಕೊಂಡು ಅದನ್ನೇ ದೊಡ್ಡದಾಗಿ ಪ್ರಚಾರ ಮಾಡುವ ಜಾಗಗಳನ್ನು ಬಿಡಿ. ಒಳಗಿನ ಓಣಿಯಲ್ಲಿ, ಎರಡು ಮೂರು ಕೋಣೆ ಮಾತ್ರ ಕೊಡುವ ಮನೆ ಹುಡುಕಿ. ಗೋಡೆಯಲ್ಲಿ ತೇವದ ಕಲೆ ಇದ್ದರೆ, ನಲ್ಲಿ ತೊಟ್ಟಿಕ್ಕುತ್ತಿದ್ದರೆ ಮನೆಯವರಿಗೆ ತಿಳಿಸಿ. ಅವರೇನೂ ಬೇಸರಪಟ್ಟುಕೊಳ್ಳುವುದಿಲ್ಲ, ಆ ಗೋಡೆಯ ಭಯ ನಿಮಗಿಂತ ಅವರಿಗೆ ಹೆಚ್ಚು. ಸ್ನಾನ ಅರ್ಧ ಬಕೆಟ್ಟಿನಲ್ಲಿ ಮುಗಿಸಿ, ಸಾಧ್ಯವಾದರೆ ಮರುದಿನ ಕೆಳಗಿಳಿದ ಮೇಲೆ ಮಾಡಿ. ಬಟ್ಟೆ ಒಗೆಯಲು ಹಾಕಬೇಡಿ. ರಾತ್ರಿಯೂಟ ಆ ಮನೆಯಲ್ಲೇ ಮಾಡಿ, ಬೆಳಗ್ಗೆ ಐದೂವರೆಗೆ ಎದ್ದು ಕೋಟೆಯ ಓಣಿಗಳನ್ನೆಲ್ಲ ಒಮ್ಮೆ ಸುತ್ತಿ ಬನ್ನಿ. ಹತ್ತರ ಜನಜಂಗುಳಿ ಶುರುವಾಗುವ ಹೊತ್ತಿಗೆ ಬಾಡಿಗೆ ಚುಕ್ತಾ ಮಾಡಿ ಇಳಿಯಬಹುದು.